ಟುರೆಟ್ ಇರುವ ಮಗು: ಮನೆ, ಆಸ್ಪತ್ರೆ, ಶಾಲೆ, ಬಸ್ಸು

ಮಗು ಪದೇ ಪದೇ ಕಣ್ಣು ಮಿಟುಕಿಸುತ್ತದೆ. ಸ್ವಲ್ಪ ದಿನ ಕಳೆದ ಮೇಲೆ ಅದು ನಿಂತು, ಮೂಗು ಏರಿಸುವುದು ಶುರುವಾಗುತ್ತದೆ. ಆಮೇಲೆ ಹೆಗಲು ಜಾಡಿಸುವುದು, ಗಂಟಲಲ್ಲಿ 'ಹ್ಞೂಂ' ಅಂತ ಸದ್ದು. ಕಣ್ಣಿನ ಡಾಕ್ಟರು ಕಣ್ಣು ಸರಿ ಇದೆ ಅನ್ನುತ್ತಾರೆ. ಗಂಟಲು ನೋಡಿದ ಡಾಕ್ಟರು ಅಲರ್ಜಿ ಇರಬಹುದು ಅಂತ ಸಿರಪ್ ಬರೆದುಕೊಡುತ್ತಾರೆ. ಮನೆಯಲ್ಲಿ ಅಜ್ಜಿ 'ಎಂತ ಕೆಟ್ಟ ಚಾಳಿ ಮಾರಾಯಾ ನಿಂದು' ಅನ್ನುತ್ತಾರೆ. ನಮ್ಮ ಕರಾವಳಿಯಲ್ಲಿ ಟುರೆಟ್ ಸಿಂಡ್ರೋಮ್ ಇರುವ ಎಷ್ಟೋ ಮಕ್ಕಳು ಆ ಹೆಸರು ಸಿಗುವ ಮೊದಲು ಹೀಗೇ ಸುತ್ತುತ್ತಾರೆ.

ನನ್ನ ಮಗನಿಗೆ ಟುರೆಟ್ ಇದೆ. ನಾವು ಉಡುಪಿಯವರು. ಹೊಸದಾಗಿ ಈ ದಾರಿಗೆ ಬಂದ ಅಪ್ಪ ಅಮ್ಮಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಟಿಕ್, ಅಂದರೆ ತಾನಾಗಿ ಬರುವ ಈ ಚಲನೆ, ಸದ್ದು ನಿಂತ ಮೇಲೆ ಎಲ್ಲ ಶುರು ಮಾಡೋಣ ಅಂತ ದಯವಿಟ್ಟು ಕಾಯಬೇಡಿ. ಆಟ, ಪಾಠ, ಮದುವೆ ಮನೆ, ಜಾತ್ರೆ ಎಲ್ಲವೂ ಟಿಕ್ ಇರುವಾಗಲೇ ನಡೆಯಬೇಕು. ಅದಕ್ಕಾಗಿ ಮಗುವಿಗಿಂತ ಜಾಸ್ತಿ ಕಲಿಯಬೇಕಾದವರು ಸುತ್ತ ಇರುವ ನಾವು.

ಮೊದಲು ಗಮನಿಸಿ, ಬರೆದಿಡಿ

ತಾನಾಗಿ, ಥಟ್ಟನೆ, ಮತ್ತೆ ಮತ್ತೆ ಬರುವ ಚಲನೆ ಅಥವಾ ಸದ್ದಿಗೆ ಟಿಕ್ ಅನ್ನುತ್ತಾರೆ. ಕಣ್ಣು ಮಿಟುಕಿಸುವುದು, ಮುಖ ಕಿವುಚುವುದು, ಕುತ್ತಿಗೆ ಎಳೆಯುವುದು ಒಂದು ಬಗೆ. ಮೂಗು ಏರಿಸುವುದು, ಗಂಟಲು ಕೆರೆಯುವುದು, ಕೂಗು, ಒಂದು ಪದವನ್ನೇ ಮತ್ತೆ ಮತ್ತೆ ಹೇಳುವುದು ಇನ್ನೊಂದು ಬಗೆ. ಕೆಲವು ಮಕ್ಕಳು ಕೇಳಿದ್ದನ್ನೇ ಹಿಡಿದುಕೊಳ್ಳುತ್ತಾರೆ. ನನ್ನ ಮಗನಿಗೆ ಒಂದು ಮಳೆಗಾಲ ಪೂರ್ತಿ ಬಸ್ ಕಂಡಕ್ಟರರ 'ಉಡ್ಪಿ ಉಡ್ಪಿ ಉಡ್ಪಿ' ಟಿಕ್ ಆಗಿತ್ತು. ಊಟ ಮಾಡುವಾಗಲೂ ಅದೇ. ಆಮೇಲೆ ಅದರಷ್ಟಕ್ಕೇ ಹೋಯಿತು.

ಟಿಕ್ ಹೀಗೆ ಬರುತ್ತದೆ, ಹೋಗುತ್ತದೆ, ಜಾಗ ಬದಲಿಸುತ್ತದೆ. ಸಾಮಾನ್ಯವಾಗಿ 4ರಿಂದ 7 ವರ್ಷದೊಳಗೆ ಶುರುವಾಗಿ, 10ರಿಂದ 12ರ ವಯಸ್ಸಿನಲ್ಲಿ ಅತಿ ಜಾಸ್ತಿ ಇರುತ್ತದೆ. ಹದಿಹರೆಯ ಮುಗಿಯುವ ಹೊತ್ತಿಗೆ ಹೆಚ್ಚಿನವರಲ್ಲಿ ಕಡಿಮೆಯಾಗುತ್ತದೆ. ಹುಡುಗಿಯರಿಗಿಂತ ಹುಡುಗರಲ್ಲಿ 3-4 ಪಟ್ಟು ಜಾಸ್ತಿ.

ಒಂದಕ್ಕಿಂತ ಹೆಚ್ಚು ಚಲನೆಯ ಟಿಕ್, ಕಡಿಮೆ ಅಂದರೂ ಒಂದು ಸದ್ದಿನ ಟಿಕ್, 18 ವರ್ಷದೊಳಗೆ ಶುರುವಾಗಿರಬೇಕು, ಶುರುವಾಗಿ ಒಂದು ವರ್ಷ ದಾಟಿರಬೇಕು, ಬೇರೆ ಕಾಯಿಲೆಯಿಂದಲೋ ಔಷಧಿಯಿಂದಲೋ ಬಂದದ್ದಾಗಿರಬಾರದು. ಇಷ್ಟಿದ್ದರೆ ಡಾಕ್ಟರು ಟುರೆಟ್ ಅನ್ನುತ್ತಾರೆ. ಇದನ್ನು ಖಚಿತಪಡಿಸುವ ರಕ್ತ ಪರೀಕ್ಷೆಯಾಗಲಿ, ಸ್ಕ್ಯಾನ್ ಆಗಲಿ ಇಲ್ಲ. ನಿಮ್ಮ ಮಾತಿನ ಮೇಲೇ ನಿರ್ಣಯ ಆಗುತ್ತದೆ. ಹಾಗಾಗಿ ಒಂದು ಪುಸ್ತಕದಲ್ಲಿ ಯಾವ ಟಿಕ್, ಯಾವಾಗ ಶುರುವಾಯಿತು, ಯಾವಾಗ ಜಾಸ್ತಿಯಾಗುತ್ತದೆ ಅಂತ ಬರೆದಿಡಿ. ಮೊಬೈಲಿನಲ್ಲಿ ಚಿಕ್ಕ ವಿಡಿಯೋ ತೆಗೆದಿಡಿ. ಮಗುವಿಗೆ ಹೇಳಿಯೇ ತೆಗೆಯಿರಿ. ಇದು ಯಾಕೆ ಬೇಕು ಅಂದರೆ, ಡಾಕ್ಟರ ಮುಂದೆ ಕೂತಾಗ ಎಷ್ಟೋ ಮಕ್ಕಳಿಗೆ ಟಿಕ್ ಬರುವುದೇ ಇಲ್ಲ!

ಇದು ಮಗು ಬೇಕೆಂದು ಮಾಡುವುದಲ್ಲ ಅಂತ ನೆಂಟರಿಗೆ ಹೇಳುವುದು ಸುಲಭ ಇಲ್ಲ. ಯಾಕೆಂದರೆ ಮಗು ಸ್ವಲ್ಪ ಹೊತ್ತು ಅದನ್ನು ತಡೆಹಿಡಿಯಬಲ್ಲದು. 'ನೋಡಿ, ಮನಸ್ಸು ಮಾಡಿದರೆ ಆಗ್ತದಲ್ವಾ?' ಅನ್ನುತ್ತಾರೆ. ನಾನು ಅವರಿಗೆ ಸೀನಿನ ಉದಾಹರಣೆ ಕೊಡುತ್ತೇನೆ. ಸೀನು ಬರುವ ಮೊದಲು ಮೂಗಿನಲ್ಲಿ ಒಂದು ಕಿರಿಕಿರಿ ಇರುತ್ತದೆ, ಸ್ವಲ್ಪ ತಡೆಯಬಹುದು, ಆದರೆ ತಡೆದಷ್ಟೂ ಅದೇ ಧ್ಯಾನ. ಟಿಕ್ ಬರುವ ಮೊದಲೂ ಹಾಗೇ, ಆ ಜಾಗದಲ್ಲಿ ಒಂದು ಒತ್ತಡ, ತುರಿಕೆ. ಟಿಕ್ ಆದ ಮೇಲೆ ಒಂದು ಕ್ಷಣ ಸಮಾಧಾನ. ಚಿಕ್ಕ ಮಕ್ಕಳಿಗೆ ಇದನ್ನು ಹೇಳಲು ಬರುವುದಿಲ್ಲ. ಸುಮಾರು 10 ವರ್ಷದ ಹೊತ್ತಿಗೆ ಗೊತ್ತಾಗಲು ಶುರುವಾಗುತ್ತದೆ.

ಯಾರ ಹತ್ತಿರ ಹೋಗುವುದು

ಮೊದಲು ನಿಮ್ಮ ಮಕ್ಕಳ ಡಾಕ್ಟರ ಹತ್ತಿರವೇ ಹೋಗಿ. ಅಲ್ಲಿಂದ ನರರೋಗ ತಜ್ಞರಿಗೋ ಮಕ್ಕಳ ಮನೋವೈದ್ಯರಿಗೋ ಚೀಟಿ ಕೇಳಿ. ಈ ವಿಷಯದಲ್ಲಿ ನಾವು ಪುಣ್ಯವಂತರು. ಮಂಗಳೂರಿನಲ್ಲಿ ಸರ್ಕಾರಿ ವೆನ್ಲಾಕ್ ಆಸ್ಪತ್ರೆ ಇದೆ. ಕಂಕನಾಡಿಯ ಫಾದರ್ ಮುಲ್ಲರ್, ಕೆಎಂಸಿ, ದೇರಳಕಟ್ಟೆಯ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ. ಉಡುಪಿಯವರಿಗೆ ಅಜ್ಜರಕಾಡಿನ ಜಿಲ್ಲಾಸ್ಪತ್ರೆ, ಮಣಿಪಾಲದ ಕಸ್ತೂರ್ಬಾ, ಮಾನಸಿಕ ಆರೋಗ್ಯಕ್ಕೆ ದೊಡ್ಡಣಗುಡ್ಡೆಯ ಬಾಳಿಗಾ ಆಸ್ಪತ್ರೆ ಹತ್ತಿರ. ಬೇರೆ ಕೆಲವು ಜಿಲ್ಲೆಯವರು ಇಷ್ಟಕ್ಕಾಗಿ ರಾತ್ರಿ ಬಸ್ಸು ಹಿಡಿಯಬೇಕು. 'ಮನೋವೈದ್ಯರು' ಅಂದ ಕೂಡಲೇ ಹಿಂಜರಿಯಬೇಡಿ. ಟುರೆಟ್ ಮಿದುಳಿನ ನರಜಾಲಕ್ಕೆ ಸಂಬಂಧಪಟ್ಟದ್ದು. ಅದನ್ನು ನೋಡಿಕೊಳ್ಳುವ ಅನುಭವ ಈ ಎರಡೂ ವಿಭಾಗದವರಿಗೆ ಇರುತ್ತದೆ.

ಅಲ್ಲಿ ತಪ್ಪದೆ ಕೇಳಬೇಕಾದ್ದು ಒಂದಿದೆ: ಎಡಿಎಚ್‌ಡಿ ಮತ್ತು ಒಸಿಡಿ ಇದೆಯಾ ನೋಡಿ ಅಂತ. ಟುರೆಟ್ ಇರುವ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದಿರುವುದು, ಕೂತಲ್ಲಿ ಕೂರಲಾಗದಿರುವುದು ಜೊತೆಗಿರುತ್ತದೆ. ಮೂರನೇ ಒಂದರಷ್ಟು ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿಗೆ ಒಸಿಡಿ, ಅಂದರೆ ಬೇಡವೆಂದರೂ ಬಿಡದ ಯೋಚನೆ, ಮಾಡಿದ್ದನ್ನೇ ಮಾಡುವ ಗೀಳು. ಸದ್ದು ಮಾಡುವುದರಿಂದ ಎಲ್ಲರ ಕಣ್ಣು ಟಿಕ್ ಮೇಲೇ ಇರುತ್ತದೆ. ಆದರೆ ಮಗುವಿಗೆ ನಿಜವಾಗಿ ಕಷ್ಟ ಕೊಡುವುದು ಹಲವು ಸಲ ಈ ಎರಡು. ಮಾರ್ಕ್ಸ್ ಕಡಿಮೆಯಾಗುವುದು, ರಾತ್ರಿ ನಿದ್ದೆ ಬಾರದಿರುವುದು, ಸಿಟ್ಟು, ಇದರ ಹಿಂದೆ ಅವು ಇರಬಹುದು. ಅವಕ್ಕೆ ಬೇರೆ ಚಿಕಿತ್ಸೆ ಇದೆ.

ಕೆಲವು ಸಂದರ್ಭದಲ್ಲಿ ತಡಮಾಡಬಾರದು. ಎಚ್ಚರ ತಪ್ಪುವುದು, ಕಲಿತ ಮಾತು ಅಥವಾ ನಡಿಗೆ ಮರೆತುಹೋಗುವುದು, ಕುತ್ತಿಗೆ ಜಾಡಿಸಿ ಕೈ ಮರಗಟ್ಟುವುದು ಆದರೆ ಕೂಡಲೇ ಹೋಗಿ. ಹದಿಹರೆಯದಲ್ಲಿ, ಮೊದಲು ಏನೂ ಇಲ್ಲದೆ, ಒಂದೇ ದಿನದಲ್ಲಿ ಜೋರು ಟಿಕ್ ಶುರುವಾದರೂ ತೋರಿಸಿ. ಅದು ಟುರೆಟ್‌ಗಿಂತ ಬೇರೆಯದ್ದಾಗಿರಬಹುದು, ಅದರ ಚಿಕಿತ್ಸೆಯೂ ಬೇರೆ.

ಇನ್ನು ಜ್ಯೋತಿಷಿಗಳ ಹತ್ತಿರ ಪ್ರಶ್ನೆ ಇಡುವುದು, ಹರಕೆ, ನೂಲು ಕಟ್ಟುವುದು. ನಮ್ಮಲ್ಲಿ ಇದು ಬರದೇ ಇರುವುದಿಲ್ಲ. ಹಿರಿಯರ ಸಮಾಧಾನಕ್ಕೆ ದೇವಸ್ಥಾನಕ್ಕೋ ದೈವಸ್ಥಾನಕ್ಕೋ ಹೋಗಿ ಬನ್ನಿ, ಅದರಲ್ಲಿ ತಪ್ಪಿಲ್ಲ. ಆದರೆ ಮಗುವಿನ ಎದುರು 'ಬಾಧೆ', 'ಸೋಂಕು' ಅನ್ನುವ ಮಾತು ಆಡಲು ಬಿಡಬೇಡಿ. ಹೊಡೆಯುವುದು, ಉಪವಾಸ ಹಾಕುವುದು, ಹೊಗೆ ಹಾಕುವುದಕ್ಕೆ ಒಪ್ಪಲೇಬೇಡಿ. ಮಾತ್ರೆ ನಿಲ್ಲಿಸಿ ಅಂದರೆ ಅದನ್ನೂ ಕೇಳಬೇಡಿ. ತನ್ನೊಳಗೆ ಏನೋ ಹೊಕ್ಕಿದೆ ಅಂತ ನಂಬಿದ ಮಗು ರಾತ್ರಿ ಒಬ್ಬನೇ ಮಲಗಲು ಹೆದರುತ್ತದೆ. ಆ ಹೆದರಿಕೆಯಿಂದಲೇ ಟಿಕ್ ಇನ್ನೂ ಜಾಸ್ತಿಯಾಗುತ್ತದೆ.

ಮನೆಯಲ್ಲಿ

ಮನೆಯ ನಿಯಮ ಒಂದೇ ಸಾಕು: ಟಿಕ್ ಬಗ್ಗೆ ಮಾತಿಲ್ಲ. 'ನಿಲ್ಲಿಸು', 'ಪುನಃ ಶುರು ಮಾಡಿದೆಯಾ' ಅನ್ನುವುದು ಬಂದ್. 'ಇವತ್ತು ಕಡಿಮೆ ಇದೆ, ಒಳ್ಳೆ ಹುಡುಗ' ಅನ್ನುವ ಹೊಗಳಿಕೆಯೂ ಬೇಡ. ನೀವು ಲೆಕ್ಕ ಇಡುತ್ತಿದ್ದೀರಿ ಅಂತ ಮಗುವಿಗೆ ಗೊತ್ತಾದರೆ ಸಾಕು, ಟಿಕ್ ಜಾಸ್ತಿಯಾಗುತ್ತದೆ. ಬರೆಯುವುದಿದ್ದರೆ ಅವನು ಮಲಗಿದ ಮೇಲೆ ಬರೆಯಿರಿ.

ಈ ನಿಯಮ ಅಪ್ಪ ಅಮ್ಮನಿಗಿಂತ ಅಜ್ಜ ಅಜ್ಜಿಗೆ ಕಷ್ಟ. ಪ್ರೀತಿಯಿಂದಲೇ ಹೇಳುತ್ತಾರೆ ಅವರು. ಡಾಕ್ಟರ ಹತ್ತಿರ ಹೋಗುವಾಗ ಒಮ್ಮೆ ಅವರನ್ನೂ ಕರೆದುಕೊಂಡು ಹೋಗಿ. ನಾವು ನೂರು ಸಲ ಹೇಳಿದ್ದನ್ನು ಡಾಕ್ಟರು ಒಮ್ಮೆ ಹೇಳಿದರೆ ಅವರ ಮನಸ್ಸಿಗೆ ಇಳಿಯುತ್ತದೆ. ಇದು ನಮ್ಮ ಸಾಕಾಣಿಕೆಯಿಂದ ಬಂದದ್ದಲ್ಲ, ಮೊಬೈಲ್ ನೋಡಿದ್ದರಿಂದ ಬಂದದ್ದೂ ಅಲ್ಲ ಅಂತಲೂ ಆಗ ಕೇಳಿಸಿಕೊಳ್ಳಲಿ. ಇದು ಬಹುಮಟ್ಟಿಗೆ ವಂಶವಾಹಿಯಲ್ಲಿ ಬರುವಂಥದ್ದು. ಎಷ್ಟೋ ಮನೆಗಳಲ್ಲಿ ಹುಡುಕಿದರೆ ಚಿಕ್ಕಂದಿನಲ್ಲಿ ಕಣ್ಣು ಹೊಡೆಯುತ್ತಿದ್ದ ಮಾವನೋ ಚಿಕ್ಕಪ್ಪನೋ ಸಿಗುತ್ತಾರೆ.

ಶಾಲೆಯಿಂದ ಬಂದ ಕೂಡಲೇ ಟಿಕ್ ಸುರಿಮಳೆ ಆಗಬಹುದು. ದಿನವಿಡೀ ಹಿಡಿದಿಟ್ಟು ಮಗುವಿಗೆ ಸುಸ್ತಾಗಿರುತ್ತದೆ. ಆ ಹೊತ್ತಿನಲ್ಲಿ ಹೋಮ್‌ವರ್ಕ್ ಬೇಡ, ಟ್ಯೂಷನ್ ಬೇಡ. ತಿಂಡಿ ಕೊಡಿ, ಸೈಕಲ್ ಹೊಡೆಯಲು ಬಿಡಿ, ಸುಮ್ನೆ ಬಿದ್ದುಕೊಂಡಿರಲಿ. ಮೈಮನಸ್ಸು ಎರಡೂ ಮುಳುಗುವ ಕೆಲಸದಲ್ಲಿ ಹಲವು ಮಕ್ಕಳಿಗೆ ಟಿಕ್ ಕಡಿಮೆಯಾಗುತ್ತದೆ. ಈಜು, ಚೆಂಡೆ, ಯಕ್ಷಗಾನದ ಹೆಜ್ಜೆ, ಕ್ರಿಕೆಟ್, ಯಾವುದಾದರೂ ಸರಿ. ನಿದ್ದೆಗೆಡುವುದು, ಜ್ವರ, ಪರೀಕ್ಷೆ, ಅತಿಯಾದ ಸಂಭ್ರಮ ಇವು ಹೆಚ್ಚಿಸುತ್ತವೆ. ಅಷ್ಟಮಿಯ ಹುಲಿವೇಷದ ವಾರ ನಮ್ಮ ಮನೆಯಲ್ಲಿ ಟಿಕ್ ಏರುತ್ತದೆ. ಹಾಗಂತ ತಾಸೆಯ ಸದ್ದು ಕೇಳಿದರೆ ಕುಣಿಯುವ ಹುಡುಗನನ್ನು ಮನೆಯಲ್ಲಿ ಕೂರಿಸಲು ಆಗುತ್ತದಾ? ಹೋಗಲಿ, ಕುಣಿಯಲಿ. ಮರುದಿನ ಸ್ವಲ್ಪ ಜಾಸ್ತಿ ಮಲಗಲಿ.

ಕೆಟ್ಟ ಮಾತು ತಾನಾಗಿ ಬಾಯಿಗೆ ಬರುವುದೇ ಟುರೆಟ್ ಅಂತ ಹಲವರ ನಂಬಿಕೆ. ಅದು ಆಗುವುದು 100ರಲ್ಲಿ 10-15 ಜನರಿಗೆ ಮಾತ್ರ. ನಿಮ್ಮ ಮಗು ಆ ಕೆಲವರಲ್ಲಿ ಒಬ್ಬನಾದರೆ, ಬರುವುದು ತುಳುವಿನ ಬೈಗುಳವೇ ಆಗಿರುತ್ತದೆ, ಅದೂ ಅತಿಥಿಗಳ ಎದುರೇ. ಅದು ಯಾರಿಗೂ ಬೈದದ್ದಲ್ಲ ಅಂತ ಮನೆಮಂದಿಗೆ, ಅಕ್ಕಪಕ್ಕದವರಿಗೆ ಮೊದಲೇ ಹೇಳಿಡಿ. ಆ ಮಾತಿಗೆ ಹೆಚ್ಚು ನೊಂದುಕೊಳ್ಳುವುದು ಮಗುವೇ.

ಟಿಕ್ ಬಂದಾಗ ಬೇರೆ ದಾರಿ ಕಲಿಸುವುದು

ಈ ಭಾಗವನ್ನು ನಿಧಾನವಾಗಿ ಓದಿ. ಚಿಕಿತ್ಸೆ ಅಂದರೆ ಮಾತ್ರೆ ಒಂದೇ ಅಂತ ಹೆಚ್ಚಿನವರು ತಿಳಿದಿರುತ್ತಾರೆ. ಮಾತ್ರೆ ಇಲ್ಲದ ಒಂದು ತರಬೇತಿ ಇದೆ. ಹ್ಯಾಬಿಟ್ ರಿವರ್ಸಲ್ ಅಂತ ಹೆಸರು. 1970ರ ದಶಕದಲ್ಲಿ ಶುರುವಾದ ಇದನ್ನು ಇನ್ನಷ್ಟು ಬೆಳೆಸಿ ಸಿಬಿಐಟಿ (ಟಿಕ್‌ಗಾಗಿ ಸಮಗ್ರ ವರ್ತನಾ ಚಿಕಿತ್ಸೆ) ಅನ್ನುವ ಕ್ರಮ ಮಾಡಿದ್ದಾರೆ. 9ರಿಂದ 17 ವರ್ಷದ ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆದ ದೊಡ್ಡ ಅಧ್ಯಯನ 2010ರಲ್ಲಿ ಪ್ರಕಟವಾಯಿತು. 10 ವಾರದಲ್ಲಿ 8 ಸಲ ಕೂತು ಕಲಿತ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಚೆನ್ನಾಗಿ ಉಪಯೋಗವಾಗಿತ್ತು.

ಗಂಟಲಿನ ಸದ್ದನ್ನೇ ತೆಗೆದುಕೊಳ್ಳಿ. ಮೊದಲು ಮಗು ಅದು ಬರುವ ಮುಂಚಿನ ಸೂಚನೆ ಹಿಡಿಯಲು ಕಲಿಯುತ್ತದೆ. 'ಇಲ್ಲಿ ಬಿಗಿ ಆಗ್ತದೆ' ಅಂತ ಬೆರಳಿಟ್ಟು ತೋರಿಸುತ್ತದೆ. ಬಿಗಿ ಶುರುವಾದ ಕೂಡಲೇ ಬಾಯಿ ಮುಚ್ಚಿ ಮೂಗಿನಿಂದ ನಿಧಾನ ಉಸಿರು ಒಳಗೆ, ನಿಧಾನ ಹೊರಗೆ. ಹಾಗೆ ಉಸಿರಾಡುತ್ತಿರುವಾಗ ಆ ಸದ್ದು ಮಾಡುವುದು ಕಷ್ಟ, ನೀವೇ ಮಾಡಿ ನೋಡಿ. ಒಂದು ನಿಮಿಷ, ಇಲ್ಲವೇ ಆ ಬಿಗಿ ಇಳಿಯುವವರೆಗೆ. ಪುನಃ ಬಂದರೆ ಪುನಃ ಉಸಿರು. ಕುತ್ತಿಗೆ ಜಾಡಿಸುವುದಾದರೆ ಗದ್ದ ಸ್ವಲ್ಪ ಕೆಳಗೆ ತಂದು ಕುತ್ತಿಗೆಯ ಸ್ನಾಯುಗಳನ್ನು ಮೆಲ್ಲಗೆ ಬಿಗಿ ಹಿಡಿಯುವುದು. ಹೆಗಲಿಗೆ, ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿಯುವುದು. ಪಕ್ಕದಲ್ಲಿ ಕೂತವರಿಗೆ ಗೊತ್ತಾಗದಂಥದ್ದನ್ನೇ ಆರಿಸುತ್ತಾರೆ.

ಒಂದು ಸಲಕ್ಕೆ ಒಂದೇ ಟಿಕ್. ಯಾವುದು ಅಂತ ಮಗುವೇ ಹೇಳಲಿ. ನಮಗೆ ಸದ್ದು ಕಿರಿಕಿರಿ ಆಗಿರಬಹುದು, ಅವನಿಗೆ ಕುತ್ತಿಗೆ ನೋವೇ ದೊಡ್ಡದಾಗಿರಬಹುದು. ಅಭ್ಯಾಸ ಮಾಡಲಿಲ್ಲ ಅಂತ ಬೈದರೆ ಈ ವಿಧಾನ ಅಲ್ಲಿಗೇ ಮುಗಿಯಿತು. ಮನೆಯಲ್ಲೇ ನೋಡಿ ಕಲಿಸುವುದಕ್ಕಿಂತ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಶುರು ಮಾಡುವುದು ಒಳ್ಳೆಯದು. ಹೋದಾಗ 'ಹ್ಯಾಬಿಟ್ ರಿವರ್ಸಲ್ ಕಲಿಸುತ್ತೀರಾ' ಅಂತ ಹೆಸರು ಹೇಳಿಯೇ ಕೇಳಿ. ಹತ್ತಿರ ಯಾರೂ ಸಿಗದಿದ್ದರೆ ಆನ್‌ಲೈನಿನಲ್ಲೂ ಆಗುತ್ತದೆ.

ಮಾತ್ರೆ ಬೇಕಾಗುವುದು ಟಿಕ್‌ನಿಂದ ನೋವು, ಗಾಯ, ಶಾಲೆಗೆ ಹೋಗಲಾಗದ ಸ್ಥಿತಿ ಬಂದಾಗ. ಕ್ಲೋನಿಡಿನ್, ಅರಿಪಿಪ್ರಜೋಲ್, ರಿಸ್ಪೆರಿಡೋನ್ ಮುಂತಾದವನ್ನು ಕೊಡುತ್ತಾರೆ. ಅವು ಟಿಕ್ ಅನ್ನು ಕಡಿಮೆ ಮಾಡುತ್ತವೆ, ಪೂರ್ತಿ ಅಳಿಸುವುದಿಲ್ಲ. ತೂಕ ಏರುವುದು, ನಿದ್ದೆ ಬರುವುದು ಆಗಬಹುದು. ಕ್ಲೋನಿಡಿನ್ ಥಟ್ಟನೆ ನಿಲ್ಲಿಸಿದರೆ ಬಿಪಿ ಏರುತ್ತದೆ, ಆದ್ದರಿಂದ ಮಳೆಗೆ ರಸ್ತೆ ಬಂದ್ ಆಗುವ ದಿನಗಳಲ್ಲಿ ಒಂದು ವಾರದ ಮಾತ್ರೆ ಮನೆಯಲ್ಲಿ ಹೆಚ್ಚಿಗೆ ಇರಲಿ.

ಶಾಲೆ

ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಮೊದಲ ಸ್ಥಾನಕ್ಕೆ ಪೈಪೋಟಿ ನಡೆಸುವ ಜಿಲ್ಲೆಗಳು ನಮ್ಮವು. ತರಗತಿಯಲ್ಲಿ ಶಿಸ್ತು ಅಂದರೆ ಸದ್ದಿಲ್ಲದಿರುವುದು. ಅಂಥ ಕಡೆ 'ಹ್ಞೂಂ' ಅನ್ನುವ ಮಗುವಿಗೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ನನ್ನ ಮಗ ಒಂದು ಶಾಲೆಯಲ್ಲಿ ಹೊರಗೆ ವರಾಂಡದಲ್ಲಿ ನಿಂತ ದಿನಗಳಿವೆ. ಆದರೆ ತಿಳಿದ ಮೇಲೂ ಹಾಗೆ ಮಾಡುವ ಟೀಚರ್ ನನಗೆ ಕಂಡದ್ದು ತೀರ ಕಡಿಮೆ. ಆದ್ದರಿಂದ ಜೂನ್‌ನ ಮೊದಲ ವಾರದಲ್ಲೇ, ದೂರು ಬರುವ ಮುಂಚೆ, ಹೋಗಿ ಮಾತಾಡಿ. ಕೈಯಲ್ಲಿ ಡಾಕ್ಟರ ಚೀಟಿ ಮತ್ತು ಒಂದು ಚಿಕ್ಕ ಪತ್ರ ಇರಲಿ. ಹೀಗೆ ಬರೆಯಬಹುದು:

'ನಮ್ಮ ಮಗನಿಗೆ ಟುರೆಟ್ ಸಿಂಡ್ರೋಮ್ ಇದೆ. ಇದು ನರಕ್ಕೆ ಸಂಬಂಧಿಸಿದ್ದು. ಅಂಟುವ ಕಾಯಿಲೆ ಅಲ್ಲ, ಬುದ್ಧಿಗೆ ಏನೂ ತೊಂದರೆ ಇಲ್ಲ. ಈಗ ಅವನಿಗೆ ಕುತ್ತಿಗೆ ಜಾಡಿಸುವುದು ಮತ್ತು ಗಂಟಲಿನ ಸದ್ದು ಇದೆ, ಮುಂದೆ ಬದಲಾಗಬಹುದು. ಬೇಕೆಂದು ಮಾಡುವುದಲ್ಲ. ದಯವಿಟ್ಟು ಅದನ್ನು ಗಮನಿಸದೆ ಪಾಠ ಮುಂದುವರಿಸಿ. ತೀರ ಜಾಸ್ತಿಯಾದಾಗ ಅವನು ಕೈ ಎತ್ತಿದರೆ ಎರಡು ನಿಮಿಷ ಹೊರಗೆ ಹೋಗಿ ಬರಲು ಬಿಡಿ. ಯಾರಾದರೂ ಅಣಕಿಸಿದರೆ ನಮಗೆ ತಿಳಿಸಿ.'

ಇದರ ಪ್ರತಿ ಕ್ಲಾಸ್ ಟೀಚರಿಗೆ, ಪಿಟಿ ಟೀಚರಿಗೆ, ಶಾಲೆಯ ವ್ಯಾನಿನ ಡ್ರೈವರಿಗೆ ಕೊಡಿ. ವ್ಯಾನಿನವರನ್ನು ಎಲ್ಲರೂ ಮರೆಯುತ್ತಾರೆ. ಅಣಕಿಸುವುದು ಜಾಸ್ತಿ ನಡೆಯುವುದು ಅಲ್ಲೇ.

ಎಲ್ಲಿ ಕೂರಿಸುವುದು ಅನ್ನುವುದೂ ಮುಖ್ಯ. ಮುಂದಿನ ಬೆಂಚಿನಲ್ಲಿ ಕೂತರೆ ಇಡೀ ತರಗತಿಯ ಕಣ್ಣು ಬೆನ್ನ ಮೇಲೆ. ಬಾಗಿಲ ಹತ್ತಿರ, ಗೋಡೆ ಬದಿ ಕೂರುವುದು ಹೆಚ್ಚಿನ ಮಕ್ಕಳಿಗೆ ಇಷ್ಟ. ಸಹಪಾಠಿಗಳಿಗೆ ಹೇಳುವುದಾದರೆ ಮಗುವನ್ನು ಕೇಳಿಯೇ ಹೇಳಿ. ಕೆಲವರು ತಾವೇ ನಿಂತು ಹೇಳುತ್ತಾರೆ, ಕೆಲವರು ತಾನಿಲ್ಲದ ದಿನ ಟೀಚರ್ ಹೇಳಲಿ ಅನ್ನುತ್ತಾರೆ.

ಹೊಡೆತ ಬಿದ್ದರೆ, ಎಲ್ಲರೆದುರು ಅವಮಾನ ಮಾಡಿದರೆ ಸುಮ್ಮನಿರಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಮೊದಲು ಹೆಡ್‌ಮಾಸ್ಟರಿಗೆ ಬರೆದು ಕೊಡಿ, ಆಮೇಲೆ ಬಿಇಒ ಕಚೇರಿಗೆ.

ಪರೀಕ್ಷೆಯ ವಿಷಯ ತಡಮಾಡಬೇಡಿ. ನಿಶ್ಶಬ್ದ ಹಾಲ್‌ನಲ್ಲಿ ಟಿಕ್ ತಡೆಯುವುದರಲ್ಲೇ ಮಗುವಿನ ಅರ್ಧ ಶಕ್ತಿ ಹೋಗುತ್ತದೆ. ಕೈ ಜಾಡಿಸುವ ಟಿಕ್ ಇದ್ದರೆ ಬರೆಯುವುದೂ ನಿಧಾನ. ಪ್ರತ್ಯೇಕ ಕೋಣೆ, ಹೆಚ್ಚುವರಿ ಸಮಯ ಬೇಕಾದರೆ ವರ್ಷದ ಆರಂಭದಲ್ಲೇ ಹೆಡ್‌ಮಾಸ್ಟರ ಮೂಲಕ ಪರೀಕ್ಷಾ ಮಂಡಳಿಗೆ ಅರ್ಜಿ ಹಾಕುವ ಬಗ್ಗೆ ಕೇಳಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳ ಪಟ್ಟಿ ಇದೆ. ಅದರಲ್ಲಿ ಟುರೆಟ್ ಅಂತ ಹೆಸರು ಹಿಡಿದು ಹೇಳಿಲ್ಲ. ಆದರೆ ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ, ದೀರ್ಘಕಾಲದ ನರಸಂಬಂಧಿ ಸಮಸ್ಯೆ ಆ ಪಟ್ಟಿಯಲ್ಲಿವೆ. ನಿಮ್ಮ ಮಗುವಿಗೆ ಜೊತೆಗೆ ಏನಿದೆ ಅನ್ನುವುದರ ಮೇಲೆ ದಾರಿ ತೆರೆಯಬಹುದು. ಜಿಲ್ಲಾಸ್ಪತ್ರೆಯಲ್ಲಿ ಸರ್ಟಿಫಿಕೇಟ್ ಕೊಡುವ ವಿಭಾಗದಲ್ಲಿ ಎಲ್ಲ ವರದಿ ತೋರಿಸಿ ವಿಚಾರಿಸಿ.

ಬಸ್ಸು, ಮದುವೆ ಮನೆ, ಪೇಟೆ

ಮಂಗಳೂರಿನ ಸ್ಟೇಟ್‌ಬ್ಯಾಂಕ್ ಸ್ಟ್ಯಾಂಡಿನಿಂದ ಉಡುಪಿಗೆ ಎಕ್ಸ್‌ಪ್ರೆಸ್ ಹತ್ತಿದರೆ ಒಂದು ಗಂಟೆಗೂ ಮೇಲೆ ಅದೇ ಜನರ ಮಧ್ಯೆ ಇರಬೇಕು. ಮುಂದಿನ ಸೀಟಿನವರು ತಿರುಗಿ ನೋಡುತ್ತಾರೆ. ಎರಡನೇ ಸಲ ಸಿಟ್ಟಿನಿಂದ ನೋಡುತ್ತಾರೆ. ಆಗ ಹೇಳಲು ಒಂದು ವಾಕ್ಯ ಮಗುವಿನ ಬಾಯಿಗೆ ಬರುವ ಹಾಗೆ ಅಭ್ಯಾಸ ಮಾಡಿಸಿ. 'ನನಗೆ ಟುರೆಟ್ ಅಂತ ನರದ ತೊಂದರೆ ಇದೆ, ಸದ್ದು ತಾನಾಗಿ ಬರ್ತದೆ' ಅಷ್ಟೇ. ತುಳುವಿನವರಿಗೆ 'ಎಂಕ್ ಒಂಜಿ ನರತ ತೊಂದರೆ ಉಂಡು, ಪೋಡ್ಯೊಡ್ಚಿ' (ನನಗೊಂದು ನರದ ತೊಂದರೆ ಇದೆ, ಹೆದರಬೇಡಿ) ಅಂದರೆ ಇನ್ನೂ ಬೇಗ ಮನಸ್ಸು ಕರಗುತ್ತದೆ. ಕ್ಷಮೆ ಕೇಳುವ ವಾಕ್ಯ ಕಲಿಸಬೇಡಿ. ಮಗು ತಪ್ಪು ಮಾಡಿಲ್ಲವಲ್ಲ. ನನ್ನ ಮಗ ಹೀಗೆ ಹೇಳಿದಾಗ ಒಬ್ಬ ಹೆಂಗಸು ಮೀನಿನ ಬುಟ್ಟಿ ಸರಿಸಿ ಪಕ್ಕದಲ್ಲಿ ಜಾಗ ಕೊಟ್ಟು, ದಾರಿಯುದ್ದಕ್ಕೂ ಅವನ ಶಾಲೆಯ ವಿಷಯ ಕೇಳುತ್ತಾ ಕೂತಿದ್ದರು. ಎಲ್ಲರೂ ಹಾಗಿರುವುದಿಲ್ಲ. ಆದರೆ ಹೇಳಿದರೆ ಕೇಳುವವರು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇದ್ದಾರೆ.

ಮದುವೆ, ಪೂಜೆ, ಚರ್ಚಿನ ಪ್ರಾರ್ಥನೆ, ಮಸೀದಿ, ಎಲ್ಲಿಗೇ ಹೋಗಲಿ, ಬಾಗಿಲ ಹತ್ತಿರ ಕೂತರೆ ಬೇಕಾದಾಗ ಎದ್ದು ಹೋಗಿ ಬರಬಹುದು. ಮನೆಯಲ್ಲಿ ಬಿಟ್ಟು ಹೋಗಬೇಡಿ.

ದೊಡ್ಡವರಾದ ಮೇಲೆ

ಪಿಯುಸಿ ಹೊತ್ತಿಗೆ ಟಿಕ್ ಇಳಿಯುತ್ತಾ ಬರುವವರೇ ಹೆಚ್ಚು. ಕೆಲವರಿಗೆ ಉಳಿಯುತ್ತದೆ. ಉಳಿದವರೂ ಓದುತ್ತಾರೆ, ಗಾಡಿ ಓಡಿಸುತ್ತಾರೆ, ಮದುವೆಯಾಗುತ್ತಾರೆ. 2014ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಬೆಲ್ಜಿಯಂ ವಿರುದ್ಧ ಸಾಲು ಸಾಲಾಗಿ ಗೋಲು ತಡೆದ ಅಮೆರಿಕದ ಗೋಲ್‌ಕೀಪರ್ ಟಿಮ್ ಹೋವರ್ಡ್‌ಗೆ ಚಿಕ್ಕಂದಿನಿಂದಲೂ ಟುರೆಟ್ ಇದೆ. ಫುಟ್‌ಬಾಲ್ ಹುಚ್ಚಿನ ಮಂಗಳೂರು ಹುಡುಗರಿಗೆ ಇದನ್ನು ಹೇಳಿ ನೋಡಿ, ಮುಖ ಅರಳುತ್ತದೆ.

ಕೆಲಸದ ಸಂದರ್ಶನಕ್ಕೆ ಹೋಗುವವರು ಶುರುವಿನಲ್ಲೇ ಒಂದು ಮಾತು ಹೇಳಿಬಿಟ್ಟರೆ ತಡೆಹಿಡಿಯುವ ಒತ್ತಡ ಇಳಿಯುತ್ತದೆ. ಇದು ಕಡ್ಡಾಯ ಅಲ್ಲ, ಹೇಳುವುದು ಬಿಡುವುದು ಅವರ ಇಷ್ಟ. ಫೋನ್ ಕೆಲಸ, ಮೀಟಿಂಗ್ ಇರುವಲ್ಲಿ ಹತ್ತಿರದ ಒಬ್ಬರಿಗಾದರೂ ಗೊತ್ತಿದ್ದರೆ ಒಳ್ಳೆಯದು.

ಹದಿಹರೆಯದವರು ಮಂಕಾಗಿ, ಗೆಳೆಯರನ್ನು ಬಿಟ್ಟು, ಕೋಣೆಯೊಳಗೇ ಇರತೊಡಗಿದರೆ ಅದನ್ನು ವಯಸ್ಸಿನ ಸ್ವಭಾವ ಅಂತ ಬಿಡಬೇಡಿ. ವರ್ಷಗಟ್ಟಲೆ ಅಣಕ ಕೇಳಿದವರಿಗೆ ಖಿನ್ನತೆ ಬರಬಹುದು. 'ಬದುಕಿ ಏನು ಪ್ರಯೋಜನ' ಅನ್ನುವ ಮಾತು ಬಂದರೆ ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಒಬ್ಬರನ್ನೇ ಬಿಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅಪ್ಪ ಅಮ್ಮನೂ ತಮ್ಮ ಸಂಕಟ ಹೇಳಿಕೊಳ್ಳಲು ಇದೇ ನಂಬರಿಗೆ ಫೋನ್ ಮಾಡಬಹುದು.